ಒಂದು ಗುಂಡಿ ಒತ್ತುವವರಿಲ್ಲದೆ

ಆಗಸ್ಟ್ ೧೪, ಗುರುವಾರ

ಸಿಟ್ಟು ಇನ್ನೂ ಇಳಿದಿಲ್ಲ. ಆರು ಗಂಟೆ ಜೀಪಿನಲ್ಲಿ ಮೈಕೈ ನೋಯಿಸಿಕೊಂಡು ಹೋಗಿ ನಾನು ಮಾಡಿದ್ದು ಒಂದೇ ಕೆಲಸ, ಒಂದು ಗುಂಡಿ ಒತ್ತಿದ್ದು. ಹೊಳೆಯ ಮಟ್ಟ ಅಳೆಯುವ ಆ ಕಂಪ್ಯೂಟರ್, ಮೊನ್ನೆ ಕರೆಂಟು ಹೋಗಿ ಬಂದಾಗ ಡಿಸ್ಕಿನಲ್ಲಿ ದೋಷ ಕಂಡು, ‘ಸರಿಪಡಿಸಲೇ?’ ಎಂದು ಕೇಳಿ ನಿಂತುಬಿಟ್ಟಿತ್ತು. ಯಾರನ್ನು ಕೇಳುತ್ತದೆ? ಹೊಳೆದಂಡೆಯ ಆ ಯಂತ್ರದ ಗೂಡಿನಲ್ಲಿ ಹಲ್ಲಿ ಬಿಟ್ಟರೆ ಯಾರಿದ್ದಾರೆ? ಎರಡು ದಿನ ಉತ್ತರಕ್ಕೆ ಕಾದಿತ್ತು. ಪೂರ್ತಿ ಶುರುವಾಗದೆ ನಿಂತಿದ್ದರಿಂದ ಆಫೀಸಿನಿಂದ ಅದನ್ನು ಮುಟ್ಟಲೂ ಆಗುತ್ತಿರಲಿಲ್ಲ. ಅಷ್ಟರಲ್ಲಿ ನೀರು ಏರಿತು, ಅದು ಕೂಗಿಸಬೇಕಿದ್ದ ಎಚ್ಚರಿಕೆಯ ಸೈರನ್ ಕೂಗಲಿಲ್ಲ, ಹೊಳೆಯ ಕೆಳಗಿನ ಕಡವಿನ ದೋಣಿಯವನು ಕೊಚ್ಚಿಹೋದ. ಮರದ ಕೊಂಬೆ ಸಿಕ್ಕಿ ಬದುಕಿದ, ಕಾಲು ಮುರಿದಿದೆ.

ಅವನ ಹೆಂಡತಿ ಕೇಳಿದಳು, “ಸೈರನ್ ನಂಬ್ಕೊಂಡು ಕಳಿಸಿದ್ದೆ ಅಕ್ಕ. ಯಾಕೆ ಕೂಗ್ಲಿಲ್ಲ?”

ಮಾರ್ಚಿನಲ್ಲೇ ಸಾಹೇಬರಿಗೆ ಬರೆದುಕೊಟ್ಟಿದ್ದೆ. “ಶುರುವಾಗುವಾಗ ತಾನೇ ರಿಪೇರಿ ಮಾಡ್ಕೊಳ್ಳೋ ಹಾಗೆ ಇಡೋಣ ಸಾರ್, ಸೆಟ್ಟಿಂಗಿನಲ್ಲಿ ಒಂದು ಸಾಲು ಬದಲಿಸಿದ್ರೆ ಸಾಕು” ಅಂದೆ. “ಅದು ಏನಾದ್ರೂ ಅಳಿಸಿಬಿಟ್ರೆ ಯಾರಮ್ಮ ಹೊಣೆ? ಮನುಷ್ಯರು ನೋಡಿ ಒತ್ತಲಿ” ಅಂದರು. ಯಾವ ಮನುಷ್ಯರು?

ಇವತ್ತು ಸಂಜೆ ಸಾಹೇಬರೇ ಫೋನ್ ಮಾಡಿ, “ವರದಿಯಲ್ಲಿ ಕರೆಂಟಿನ ತೊಂದರೆ ಅಂತ ಬರೆದುಬಿಡಿ” ಅಂದರು. ಇದ್ದದ್ದನ್ನು ಇದ್ದ ಹಾಗೇ ಬರೆದೆ. ಅವರ ಮೇಲಿನವರಿಗೂ ಕಳಿಸಿದೆ. ಆಮೇಲೆ ಇಲ್ಲೇ ಆಫೀಸಿನಲ್ಲಿ ಕೂತು, ಯಾರ ಅಪ್ಪಣೆಯನ್ನೂ ಕೇಳದೆ, ಹೊಳೆ ಅಳೆಯುವ ನಮ್ಮ ಹತ್ತೊಂಬತ್ತು ಕೇಂದ್ರಗಳಲ್ಲೂ ಆ ಸಾಲು ಬದಲಿಸಿದೆ.

ನಾಳೆ ಕರೆದು ಕೂಗಾಡಲಿ. ಕೆಲಸದಿಂದ ತೆಗೆದರೂ ತೆಗೆಯಲಿ, ಆದರೆ ಅದನ್ನು ಹಿಂದಿನಂತೆ ಮಾಡು ಅಂದರೆ ಮಾತ್ರ ನಾನು ಮಾಡುವುದಿಲ್ಲ.