ಅಪ್ಪನ ಗ್ಯಾರೇಜಿಗೆ ಯಾವ ಮೋಟಾರು?

ಭಾನುವಾರ, ಊಟವಾದ ಮೇಲೆ

ಪ್ರೀತಿಯ ಅಕ್ಕ,

ನೀನು ಚಿತ್ರ ಕಳಿಸಿ ಇದನ್ನೇ ಹಾಕು ಎಂದಿದ್ದ ಮೋಟಾರನ್ನು ನಾನು ಹಾಕಲಿಲ್ಲ. ಸುತ್ತಿ ಬಳಸಿ ಕೊನೆಗೆ ಹೇಳಿದರೆ ನಿನಗೆ ಇನ್ನೂ ಸಿಟ್ಟು ಬರುತ್ತದೆ, ಅದಕ್ಕೆ ಮೊದಲೇ ಹೇಳಿಬಿಟ್ಟೆ. ಬೇರೆಯದನ್ನು ಹಾಕಿದ್ದೇನೆ. ಗ್ಯಾರೇಜಿನ ಬಾಗಿಲು ತಾನೇ ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಅಪ್ಪನ ಆಪರೇಷನ್ ಆದ ಭುಜಕ್ಕೆ ಕೆಲಸವಿಲ್ಲ. ಇನ್ನು ಕೂತು ನಿಧಾನವಾಗಿ ಓದು. ಬಾವನಿಗೆ ಮಾತ್ರ ಓದಿ ಹೇಳಬೇಡ. ಯಾಕೆಂದು ಆಮೇಲೆ ತಿಳಿಯುತ್ತದೆ.

ನೀನು ಆರಿಸಿದ್ದು ಕೆಟ್ಟದ್ದಲ್ಲ. ಆದರೆ ಅದು ಎರಡು ಕಾರು ಅಕ್ಕಪಕ್ಕ ಹೋಗುವಂಥ ಮರದ ಬಾಗಿಲಿಗೆ ಮಾಡಿದ್ದು. ನಮ್ಮದು ಒಂದೇ ಕಾರಿನ ತಗಡಿನ ಬಾಗಿಲು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಯಾಕೆ? ಇಂಥ ಬಾಗಿಲನ್ನು ಅರ್ಧಕ್ಕೆ ಎತ್ತಿ ಕೈಬಿಟ್ಟರೆ ಅಲ್ಲೇ ನಿಲ್ಲಬೇಕು. ನಮ್ಮದು ದೊಪ್ಪನೆ ಕೆಳಗೆ ಬಂತು. ಸ್ಪ್ರಿಂಗು ಹೊರಬೇಕಾದ ಭಾರವನ್ನು ಇಷ್ಟು ಕಾಲ ಅಪ್ಪನ ಭುಜ ಹೊತ್ತಿತ್ತು, ಅಷ್ಟೇ. ನಾನು ಈಗ ಕೆಲಸಕ್ಕಿರುವ ಬಾಗಿಲ ಅಂಗಡಿಯ ಯಜಮಾನಿ ತಾವೇ ಬಂದು ಸ್ಪ್ರಿಂಗು ಬದಲಾಯಿಸಿದರು. ಜಾರಿದರೆ ಬೆರಳೇ ಹೋಗುವ ಕೆಲಸ ಅದು, ನನಗೆ ಇನ್ನೂ ಮುಟ್ಟಲು ಬಿಟ್ಟಿಲ್ಲ. ಈಗ ಕಿರುಬೆರಳಲ್ಲಿ ಎತ್ತಿದರೂ ಬಾಗಿಲು ಏಳುತ್ತದೆ. ಹಾಗಾಗಿ ಚಿಕ್ಕ ಮೋಟಾರೇ ಸಾಕು.

ಫೋನಿನಿಂದ ಬಾಗಿಲು ತೆಗೆಯುವ ಸೌಲಭ್ಯ ಬೇಡವೆಂದದ್ದು ಅಮ್ಮ. ಅವಳ ಫೋನು ಹುಡುಕಲು ಯಾವಾಗಲೂ ಇನ್ನೊಂದು ಫೋನು ಬೇಕು, ನಿನಗೆ ಗೊತ್ತೇ ಇದೆ. ಆದರೆ ನೀನು ಮುಖ್ಯವಾಗಿ ಕೇಳಿದ್ದು ಇದೆ: ಬಾಗಿಲ ಬುಡದಲ್ಲಿ ಎರಡೂ ಬದಿಗೆ ಕಣ್ಣುಗಳಿವೆ, ಅಡ್ಡ ಏನಾದರೂ ಬಂದರೆ ಇಳಿಯುವ ಬಾಗಿಲು ವಾಪಸ್ ಮೇಲೆ ಹೋಗುತ್ತದೆ. ಬಕೆಟ್ಟು ಇಟ್ಟು ನೋಡಿದೆ, ಆಮೇಲೆ ನಾನೇ ಅಂಬೆಗಾಲಿಟ್ಟು ನೋಡಿದೆ. ನಿನ್ನ ಮಗಳು ಧೈರ್ಯವಾಗಿ ಬರಬಹುದು. ಕರೆಂಟು ಹೋದರೆ ಎಳೆಯಲು ಒಂದು ಕೆಂಪು ಹಗ್ಗ ನೇತಾಡುತ್ತಿರುತ್ತದೆ.

ಉಳಿದದ್ದು ಒಂದೇ ಪ್ರಶ್ನೆ, ಬಾಗಿಲನ್ನು ಎಳೆಯುವುದು ಚೈನೋ ಬೆಲ್ಟೋ ಎಂದು. ಚೈನಿನದು ಬಾಳಿಕೆ ಬರುತ್ತದೆ, ಆದರೆ ಗಡಗಡ ಎನ್ನುತ್ತದೆ. ಬೆಲ್ಟಿನದು ಬೆಕ್ಕಿನ ಹಾಗೆ, ಬಂದದ್ದೂ ತಿಳಿಯುವುದಿಲ್ಲ. ಒಂದು ನಿಮಿಷದ ಪ್ರಶ್ನೆ ಎಂದುಕೊಂಡಿದ್ದೆ. ತಪ್ಪಾಗಿದ್ದು ಅಲ್ಲೇ.

ನಮ್ಮ ಅಂಗಡಿಯಲ್ಲಿ ಒಂದು ರೂಢಿ ಇದೆ. ಮೋಟಾರು ಆರಿಸುವ ಮೊದಲು ಮನೆಯ ಒಬ್ಬೊಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಬೇಕು. ಯಜಮಾನಿ ಹೇಳುವುದು ಹೀಗೆ: “ನಾಲ್ಕು ಜನರನ್ನ ಒಟ್ಟಿಗೆ ಕೇಳಿದ್ರೆ ಒಂದೇ ಉತ್ತರ ಬರುತ್ತೆ ಕಣೆ, ಅದು ಗಟ್ಟಿ ಗಂಟಲಿನವರದ್ದು.” ಪರರ ಮನೆಯಲ್ಲಿ ಮಾಡುವುದನ್ನು ನಮ್ಮ ಮನೆಯಲ್ಲೂ ಮಾಡಿದೆ.

ಮೊದಲು ಅಮ್ಮ. ಗ್ಯಾರೇಜಿನ ಗೋಡೆಗೆ ಅಂಟಿಕೊಂಡ ಹೊಲಿಗೆ ಕೋಣೆಯಲ್ಲಿ ಯಾರದೋ ಪರದೆಗೆ ಅಂಚು ಹೊಲಿಯುತ್ತಿದ್ದಳು. ಕೇಳಿದ್ದೇ ತಡ, “ಚೈನಿಂದೇ ಹಾಕು. ಸದ್ದಿಲ್ದೆ ಮನೆಗೆ ಬರೋನು ಕಳ್ಳ” ಎಂದಳು. ಯಾಕಮ್ಮ ಎಂದರೆ, ಅಪ್ಪ ಬಂದದ್ದು ಕೇಳಿದರೆ ಟೀಗೆ ನೀರಿಡಬಹುದಂತೆ. ಅಪ್ಪ ಕೈಕಾಲು ತೊಳೆದು ಪೇಪರು ಮುಗಿಸದೆ ಟೀ ಮುಟ್ಟಿದ್ದುಂಟೇ ಎಂದೆ. ಅಮ್ಮ ಕತ್ತರಿ ಕೆಳಗಿಟ್ಟಳು. “ನೀನು ಬಿಡಲ್ಲ ಅಲ್ವಾ, ಜಿಗಣೆ” ಎಂದು ಬೈದು ನಿಜ ಹೇಳಿದಳು.

ಅಕ್ಕ, ಅಮ್ಮ ಹಾಡುತ್ತಾಳೆ. ನಮಗೆ ಜೋಗುಳ ಹಾಡಿದ್ದೂ ಅಪ್ಪನೇ ಅಲ್ಲವೇ, ಅದೂ ಆ ಅಪಸ್ವರದಲ್ಲಿ? ಆದರೆ ಅಮ್ಮ ದಿನಾ ಸಂಜೆ, ಒಬ್ಬಳೇ ಇರುವಾಗ, ಹೊಲಿಗೆ ಯಂತ್ರದ ಜೊತೆ ಗಂಟಲು ಬಿಚ್ಚಿ ಹಾಡುತ್ತಾಳಂತೆ. ಗ್ಯಾರೇಜಿನ ಬಾಗಿಲು ಗಡಗುಟ್ಟಿದ ಕೂಡಲೇ ನಿಲ್ಲಿಸುತ್ತಾಳಂತೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಅಪ್ಪನ ಎದುರು ಹಾಡಿದಳು, ಅಪ್ಪ ನಕ್ಕರು. “ಅವತ್ತೇ ಬಾಯಿ ಹೊಲ್ಕೊಂಡೆ” ಎಂದಳು. ಬೇಸರದಿಂದಲ್ಲ, ಗುಂಡಿ ಹೊಲಿದ ವಿಷಯ ಹೇಳುವ ಹಾಗೆ. “ಆ ಹೊತ್ತು ನಂದು ಕಣೆ. ಅದನ್ನ ಕಿತ್ಕೋಬೇಡ.”

ಆಮೇಲೆ ಅಪ್ಪ. ಅವರು ಕಲಿಸುವ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲೇ ಪಕ್ಕಕ್ಕೆ ಕೂತು ಕೇಳಿದೆ. “ಬೆಲ್ಟಿಂದು. ಕಣ್ಣು ಮುಚ್ಚಿ ಹಾಕು” ಎಂದರು. ಪಕ್ಕದ ಮನೆಯವರಿಗೆ ತೊಂದರೆ ಆಗಬಾರದಂತೆ! ಅವರ ನಾಯಿಯನ್ನು ಬಾವಿಗೆ ಹಾಕಬೇಕು ಎಂದು ದಿನಾ ಹೇಳುವ ಅಪ್ಪ! ನಾನು ಆ ನಾಯಿಯ ಮಾತೆತ್ತಿದೆ. ಕಲಿಯಲು ಬಂದವರ ಮುಂದೆ ಹುಲಿ, ನನ್ನ ಮುಂದೆ ಅಪ್ಪನ ಬ್ರೇಕು ಬೇಗ ಸಡಿಲಾಗುತ್ತದೆ.

ದಿನಾ ಸಂಜೆ ಅಪ್ಪ ತಿರುವಿನಲ್ಲೇ ಎಂಜಿನ್ ಆರಿಸಿ, ಇಳಿಜಾರಿನಲ್ಲಿ ಕಾರನ್ನು ತೇಲಿಸಿಕೊಂಡು ಬಂದು, ಬಾಗಿಲಿಗೆ ಕಿವಿಗೊಟ್ಟು ನಿಲ್ಲುತ್ತಾರಂತೆ. “ಅಷ್ಟರಲ್ಲಿ ಪಕ್ಕದ್ಮನೆಯವನು, ಏನ್ಸಾರ್ ಬೀಗದ ಕೈ ಕಳಕೊಂಡ್ರಾ ಅಂತ ಕೂಗ್ತಾನೆ. ಅವನ ನಾಯಿನೂ ಸೇರ್ಕೊಳ್ಳುತ್ತೆ. ಒಳಗೆ ಹಾಡು ನಿಂತ್ಹೋಗುತ್ತೆ. ಇಷ್ಟು ವರ್ಷದಲ್ಲಿ ಒಂದು ಹಾಡಿನ ಕೊನೆ ಕೇಳಿಲ್ಲ ನೋಡು.” ಬಾಗಿಲಿಗೆ ಸದ್ದಿಲ್ಲದಿದ್ದರೆ ಒಳಗೆ ಬಂದು, ಗೋಡೆಯ ಈಚೆ ಕಾರಿನಲ್ಲೇ ಕೂತು ಪೂರ್ತಿ ಕೇಳಬಹುದು ಎಂಬುದು ಅವರ ಲೆಕ್ಕ. ಅವತ್ತು ನಕ್ಕಿದ್ದೇಕೆ ಎಂದು ನಾನು ಕೇಳಲಿಲ್ಲ, ಕೇಳಿದರೆ ಅಮ್ಮ ಹೇಳಿದ್ದು ಹೊರಬೀಳುತ್ತಿತ್ತು. ಅವರೇ ಹೇಳಿದರು: “ಮೊದಲ ಸಲ ಕೇಳಿದಾಗ ಖುಷಿ ತಡೀಲಾರದೆ ನಕ್ಬಿಟ್ಟೆ. ಅವಳು ಅದನ್ನ ಬೇರೆ ಥರ ತಗೊಂಡ್ಲು ಅನ್ಸುತ್ತೆ.”

ಇಬ್ಬರೂ ನನ್ನಿಂದ ಮಾತು ತೆಗೆದುಕೊಂಡರು. ನಿನಗೆ ಮಾತ್ರ ಹೇಳಬಹುದಂತೆ, ಅದನ್ನೂ ಇಬ್ಬರೂ ಬೇರೆ ಬೇರೆಯಾಗಿಯೇ ಹೇಳಿದರು. ನನ್ನ ಬಾಯಿ ನಿನಗೆ ಗೊತ್ತು. ಉತ್ತರಪತ್ರಿಕೆಯಲ್ಲಿ ‘ಗೊತ್ತಿಲ್ಲ, ಗೊತ್ತಾಗಲಿ ಎಂಬ ಆಸೆಯೂ ಇಲ್ಲ’ ಎಂದು ಬರೆದಿಟ್ಟು ಶಾಲೆಯಿಂದ ಎದ್ದು ಬಂದವಳು. ಬಟ್ಟೆ ಅಂಗಡಿಯಲ್ಲಿ ಈ ಬಣ್ಣ ನಿಮಗೆ ಒಪ್ಪಲ್ಲ ಎಂದು ಗಿರಾಕಿಗಳನ್ನು ಕಳಿಸುತ್ತಿದ್ದವಳು. ಅಂಥವಳ ಹೊಟ್ಟೆಯಲ್ಲಿ ಎರಡು ಗುಟ್ಟು! ಚೈನು ಹಾಕಿದರೆ ಅಪ್ಪನಿಗೆ ಹಾಡಿನ ಕೊನೆ ಸಿಗುವುದೇ ಇಲ್ಲ. ಬೆಲ್ಟು ಹಾಕಿದರೆ ಅಮ್ಮನಿಗೆ ಗೊತ್ತಿಲ್ಲದೆ ಅಮ್ಮನ ಹೊತ್ತು ಕದ್ದ ಹಾಗೆ. ಅದು ಎಷ್ಟೇ ಪ್ರೀತಿಯ ಕಳ್ಳತನವಾದರೂ ಕಳ್ಳತನವೇ.

ಕೊನೆಗೆ ಬೆಲ್ಟಿನದನ್ನೇ ಹಾಕಿದೆ. ಆದರೆ ಅದರಿಂದ ಒಂದು ತಂತಿ ಎಳೆದು ಅಮ್ಮನ ಹೊಲಿಗೆ ಯಂತ್ರದ ಮೇಲೆ ಗೋಡೆಗೆ ಒಂದು ಪುಟ್ಟ ದೀಪ ಕೂರಿಸಿದೆ. ಬಾಗಿಲು ಅಲುಗಿದ ಕೂಡಲೇ ಹತ್ತುತ್ತದೆ, ಪೂರ್ತಿ ಮುಚ್ಚಿದ ಮೇಲೆ ಆರುತ್ತದೆ. ಇಬ್ಬರಿಗೂ ಹೇಳಿಯೇ ಹಾಕಿದೆ. ಸದ್ದಿಲ್ಲದಿದ್ದರೂ ಅಪ್ಪ ಬಂದದ್ದು ಕಾಣುತ್ತದಲ್ಲ ಎಂದು ಅಮ್ಮ ಒಪ್ಪಿದಳು. ಅಪ್ಪನ ಮುಖ ಮಾತ್ರ ಇಳಿದುಹೋಯಿತು. “ಹಂಗಾದ್ರೆ ನನಗೇನು ಬಂತು ಇದರಿಂದ?” ಎಂದರು. “ಏನೂ ಬರದೇ ಇರಬಹುದು ಅಪ್ಪ. ಆದ್ರೆ ಕದ್ದು ಕೇಳೋಕೆ ನಾನು ಬಾಗಿಲು ಹಾಕಿಕೊಡಲ್ಲ” ಎಂದೆ. “ಸರಿ ಬಿಡು. ಅವಳ ಹಾಡು, ಅವಳಿಷ್ಟ. ನಿನ್ನಂಥ ಮಗಳು ನನ್ನ ಶತ್ರುವಿಗೂ ಬೇಡ” ಎಂದು ರಿಮೋಟು ಜೇಬಿಗೆ ಹಾಕಿಕೊಂಡರು.

ಮೊದಲ ಸಂಜೆ ನಾನು ಕೆಲಸದ ಪ್ಯಾಂಟಿಗೆ ಜೇಬು ಹೊಲಿಸುವ ನೆಪದಲ್ಲಿ ಅಮ್ಮನ ಕೋಣೆಯಲ್ಲೇ ಇದ್ದೆ. ನನ್ನ ಎದುರು ಹಾಡುವುದಿಲ್ಲವೇನೋ ಎಂದುಕೊಂಡೆ. ಗುಟ್ಟು ಹೇಳಿಯಾಗಿತ್ತಲ್ಲ, ಹಾಡಿದಳು. ಅಕ್ಕ, ಆ ದನಿ ನಮ್ಮ ಮನೆಯಲ್ಲೇ ಇತ್ತು! ಹಾಡಿನ ಮಧ್ಯೆ ದೀಪ ಹತ್ತಿತು. ಅಮ್ಮ ಗಕ್ಕನೆ ಹಾಡು ನಿಲ್ಲಿಸಿದಳು. ಕಾಲು ಮಾತ್ರ ಯಂತ್ರ ತುಳಿಯುತ್ತಲೇ ಇತ್ತು, ಜೇಬಿನ ಹೊಲಿಗೆ ಸೊಟ್ಟಗೆ ಓಡಿತು. ದೀಪ ಆರಿತು. ಕಾರಿನ ಬಾಗಿಲು ತೆರೆದ ಸದ್ದಿಲ್ಲ, ಹೆಜ್ಜೆ ಸದ್ದಿಲ್ಲ. ಗೋಡೆಯಾಚೆ ಒಬ್ಬ ಮನುಷ್ಯ ಸುಮ್ಮನೆ ಕೂತಿದ್ದಾನೆ ಎಂದು ಅಮ್ಮನಿಗೆ ಗೊತ್ತಾಯಿತು. ಯಾಕೆ ಕೂತಿದ್ದಾನೆ ಎಂಬುದೂ ಗೊತ್ತಾಯಿತು. ನನ್ನ ಕಡೆ ನೋಡಿದಳು. ನಾನು ಬಾಯಿ ಬಿಡಲಿಲ್ಲ, ದೇವರಾಣೆಗೂ. ಅಮ್ಮ ದಾರ ಕತ್ತರಿಸಿದಳು. ಬಿಟ್ಟ ಸಾಲಿನಿಂದಲೇ ಮತ್ತೆ ಎತ್ತಿಕೊಂಡಳು, ಮೊದಲು ಮೆಲ್ಲಗೆ, ಆಮೇಲೆ ಮೊದಲಿನ ಹಾಗೇ, ಕೊನೆಯವರೆಗೆ.

ಅಪ್ಪ ಒಳಗೆ ಬಂದಾಗ ಕಣ್ಣು ಕೆಂಪಗಿತ್ತು. “ಬಾಗಿಲು ಹೇಗಿದೆ?” ಎಂದು ಅಮ್ಮ ಕೇಳಿದಳು. “ಪರವಾಗಿಲ್ಲ” ಎಂದರು. “ಈ ಸಲ ನಗಲಿಲ್ವಾ?” ಎಂದಳು. ಅಪ್ಪ, ಅಷ್ಟು ವರ್ಷದ ಮೇಲೆ, ಮತ್ತೆ ನಕ್ಕೇಬಿಟ್ಟರು. ಅಮ್ಮ ಈ ಸಲ ಆ ಮುಖವನ್ನು ಸರಿಯಾಗಿ ನೋಡಿದಳು. ನಾನು ಅಲ್ಲಿಂದ ಎದ್ದು ಬಂದೆ, ಒಂದೇ ಕಾಲಿಗೆ ಜೇಬಿದ್ದ ಪ್ಯಾಂಟು ಹಿಡಿದುಕೊಂಡು.

ಈ ಅಂಗಡಿಯಲ್ಲಾದರೂ ನಿಲ್ಲುತ್ತೀಯಾ ಎಂದು ಕೇಳಿದ್ದೆಯಲ್ಲ. ಗೊತ್ತಿಲ್ಲ. ಆದರೆ ಸೋಮವಾರ ಬೇಗ ಬರಲಿ ಎಂದು ಜೀವನದಲ್ಲಿ ಮೊದಲ ಸಲ ಅನ್ನಿಸುತ್ತಿದೆ. ಯಜಮಾನಿ ಸ್ಪ್ರಿಂಗು ಮುಟ್ಟಲು ಕಲಿಸುತ್ತಾರಂತೆ.

ಕಾಲಿಗೆ ಚಕ್ರ ಕಟ್ಟಿಕೊಂಡ ನಿನ್ನ ತಂಗಿ,
ಚಕ್ರ

ಮರೆತಿದ್ದೆ: ಇವತ್ತು ಬೆಳಿಗ್ಗೆ ಗುಂಡಿ ಹುಡುಕಲು ಅಮ್ಮನ ಡಬ್ಬಿ ತೆಗೆದೆ. ಆ ಪುಟ್ಟ ದೀಪದ ಬಲ್ಬು ಬಿಚ್ಚಿ ಅದರೊಳಗೆ ಇಟ್ಟಿದ್ದಾಳೆ. ಯಾಕಮ್ಮ ಎಂದರೆ, “ಕಣ್ಣಿಗೆ ಚುಚ್ಚುತ್ತಿತ್ತು ಕಣೆ” ಎಂದಳು. ಅಪ್ಪನಿಗೆ ನಾನು ಹೇಳಿಲ್ಲ. ಅವರು ಕೇಳಿಯೂ ಇಲ್ಲ.