ಅಂಚಿನಲ್ಲೇ ನಿಂತವಳು

೧೪ ಅಕ್ಟೋಬರ್, ಮಂಗಳವಾರ

ಮೊಮ್ಮಗಳ ಕಪ್ಪುಕುಳಿಯ, ಅಂದರೆ ಬ್ಲ್ಯಾಕ್ ಹೋಲಿನ, ಪಾಠ ಸಂಜೆಯಿಂದ ತಲೆ ಕೊರೆಯುತ್ತಿದೆ. "ಗ್ರಾವಿಟಿ ಈಸ್ ದಟ್ ಫೋರ್ಸ್ ಬೈ ವಿಚ್..." ಎಂದು ಕಾಲೇಜಿನ ಬಾಯಿಪಾಠವನ್ನು ಜಂಬದಿಂದ ಶುರುಮಾಡಿದೆ. ವಿಚ್ ಆದಮೇಲೆ ಏನೂ ಬರಲಿಲ್ಲ. ಸೋತು, ಕಪ್ಪುಕುಳಿಯೊಳಗೆ ಬಿದ್ದದ್ದು ಏನಾಗುತ್ತದೆ ಎಂದು ನಾನೇ ಕೇಳಿದೆ.

"ಅದು ಒಳಗೆ ಹೋಗಿಬಿಟ್ಟಿರುತ್ತೆ ತಾತ. ದೂರದಿಂದ ನೋಡೋರಿಗೆ ಮಾತ್ರ ಅಂಚಿನಲ್ಲೇ ನಿಂತ ಹಾಗೆ ಕಾಣುತ್ತೆ. ಕೆಂಪಾಗ್ತಾ, ಮಂಕಾಗ್ತಾ."

"ಕೂಗಿ ಕರೆದರೆ?"

"ಅಲ್ಲಿ ಗಾಳಿ ಎಲ್ಲಿದೆ? ನೀವು ಕಾಲೇಜಲ್ಲಿ ಓದಿದ್ದು ಫಿಸಿಕ್ಸಾ, ನಾಟಕಾನಾ? ಟಾರ್ಚ್ ಬಿಟ್ರೆ ಬೆಳಕು ಒಳಗೆ ಹೋಗುತ್ತೆ. ವಾಪಸ್ ಏನೂ ಬರಲ್ಲ."

ಅಂದು ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನನ್ನ ಹೆಂಡತಿ ಸ್ಟ್ರೆಚರಿನಿಂದ ಕತ್ತೆತ್ತಿ, "ಗ್ಯಾಸ್ ಆಫ್ ಮಾಡಿದ್ರಾ?" ಎಂದಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿತು. ಜೀವಂತ ಹೊರಗೆ ಬರಲಿಲ್ಲ. ಆದರೂ ನನ್ನ ಕಣ್ಣಿಗೆ ಇಂದಿಗೂ ಆ ಬಾಗಿಲಲ್ಲೇ ಇದ್ದಾಳೆ. ಈಚೆಗೆ ಮಂಕಾಗುತ್ತಿದ್ದಾಳೆ. ಹಣೆಯ ಮೇಲೆ ಕೂದಲು ಬಿದ್ದಿತ್ತೋ, ಆಸ್ಪತ್ರೆಯ ಟೋಪಿ ಹಾಕಿದ್ದರೋ? ಮಗಳನ್ನು ಕೇಳಿದರೆ, "ಈಗ ಅದ್ಯಾಕಪ್ಪಾ" ಅಂತಾಳೆ. ಎಷ್ಟು ಹೊತ್ತು ಕಣ್ಣು ಮುಚ್ಚಿ ಕೂತರೂ ಆ ಮುಖವನ್ನು ಹಿಡಿದು ನಿಲ್ಲಿಸಲು ಆಗುತ್ತಿಲ್ಲ.

ಈಗಷ್ಟೇ ಅಡುಗೆಮನೆಗೆ ಹೋಗಿ ನೋಡಿ ಬಂದೆ. "ಆಫ್ ಮಾಡಿದ್ದೀನಿ ಕಣೇ," ಎಂದು ಜೋರಾಗಿಯೇ ಹೇಳಿದೆ. ಅವಳವರೆಗೆ ಹೋಗಿರಲೂಬಹುದು. ವಾಪಸ್ಸಂತೂ ಏನೂ ಬರಲಿಲ್ಲ.