ನನ್ನ ಹೆಸರಿನ ರಕ್ತ

ವಿದ್ಯಾನಗರ, ಹುಬ್ಬಳ್ಳಿ
ಗುರುವಾರ, 18 ನವೆಂಬರ್ 2004

ಚಿ. ಸೌ. ದಾಕ್ಷಾಯಿಣಿಗೆ ನಿನ್ನ ಅವ್ವನ ಆಶೀರ್ವಾದ.

ನಿನ್ನೆ ಫೋನಿನಲ್ಲಿ ನೀನು ಅತ್ತದ್ದು ನನಗೆ ಸರಿ ಬರಲಿಲ್ಲ. ಪಕ್ಕದಲ್ಲಿ ನಿನ್ನ ಅತ್ತೆ ಇದ್ದಿರಬೇಕು. ಅವರು ಏನು ತಿಳಿದುಕೊಂಡಾರು? ನಮ್ಮ ಫೋನು ಪಡಸಾಲೆಯಲ್ಲಿದೆ, ನಿನ್ನ ಅಣ್ಣ ಶಿವಯೋಗೀಶ ಮತ್ತು ಅವನ ಹೆಂಡತಿ ಕಿವಿ ಅಲ್ಲೇ ಇಟ್ಟಿರುತ್ತಾರೆ. ಆದ್ದರಿಂದ ಬರೆಯುತ್ತಿದ್ದೇನೆ. ಓದಿ ಹರಿದು ಹಾಕು.

ನನಗೆ ಜಡ್ಡು ಬಂದಿದೆ ಎಂದು ನಿನ್ನ ಅಣ್ಣ ಹೇಳಿದ್ದು ಖರೆ ಅಲ್ಲ. ನಮ್ಮ ಓಣಿಯಲ್ಲಿ ಡಾಕ್ಟರರು ಶಿಬಿರ ಹಾಕಿದ್ದರು. ಜಡ್ಡಾದವರಿಗಲ್ಲ, ಏನೂ ಆಗದೆ ಓಡಾಡುವವರಿಗೆ. ಹೆಪಟೈಟಿಸ್ ಸಿ ಅಂತ ಒಂದು ರೋಗವಂತೆ. ಲಿವರಿನಲ್ಲಿ ಇಪ್ಪತ್ತು ವರ್ಷ ಸುಳಿವು ಕೊಡದೆ ಕೂತಿರುತ್ತದಂತೆ. ಮನೆ ಮನೆಗೆ ಬಂದು ಹೇಳಿದರು. "ಹಿಂದ ಆಪರೇಷನ್ ಆದಾಗ ಬ್ಯಾರೇದವರ ರಕ್ತ ಏರಿಸಿಕೊಂಡಿದ್ರ ಬರಲೇಬೇಕ್ರಿ ಅಮ್ಮಾರ" ಎಂದು ಒಬ್ಬ ಹುಡುಗಿ ನನ್ನ ಮುಖ ನೋಡಿಯೇ ಹೇಳಿದಳು.

ನನ್ನ ಗರ್ಭಚೀಲದ ಆಪರೇಷನ್ನಿನಲ್ಲಿ ರಕ್ತ ಏರಿಸಿದ್ದು ನಿನಗೆ ನೆನಪಿರಬೇಕು. ನೀನೇ ಕಾಲ ಹತ್ತಿರ ಕೂತು ಬಾಟ್ಲಿ ನೋಡುತ್ತಿದ್ದೆ. ಯಾರ ರಕ್ತವೋ ಏನೋ.

ಶಿವಯೋಗೀಶ ನನ್ನ ಹೆಸರು ಬರೆಸಿಯೇ ಬಂದಿದ್ದ. ಹೋಗದಿದ್ದರೆ ಬಾಳವ್ವ ಅಂಜಿದಳು ಎಂದಾರು. ಅವನು ಅಮರಗೋಳದ ಅಂಗಡಿಗೆ ಹೋದ ಮೇಲೆ ನಾನು ಶೇವಂತೆವ್ವಳನ್ನು ಕಳಿಸಿದೆ. ಹೌದು, ನಮ್ಮ ಮನೆಯ ಮುಸುರೆ ತಿಕ್ಕುವ ಶೇವಂತೆವ್ವಳನ್ನೇ. ನನ್ನ ಇಳಕಲ್ಲ ಸೀರೆ ಉಡಿಸಿ, ಹೆಸರು ಕೇಳಿದರೆ ಬಾಳವ್ವ ಅನ್ನು ಎಂದೆ. "ಒಂದ್ ತಾಸು ಸಾವುಕಾರ್ತಿ ಆಗಿ ಬರ್ತೇನಿ. ಆದ್ರ ಬೈಯೂದು ಕಲಿಸಿಕೊಡ್ರಿ ಅವ್ವಾರ, ಇಲ್ಲಾಂದ್ರ ಯಾರೂ ನಂಬೂದಿಲ್ಲ" ಎಂದು ನಕ್ಕಳು. ಖೋಡಿ.

ಮಂಗಳವಾರ ಡಾಕ್ಟರರ ಫೋನು ಬಂತು. ಬಾಳವ್ವನವರ ರಕ್ತದಲ್ಲಿ ಆ ರೋಗದ ಗುರುತು ಸಿಕ್ಕಿದೆ ಎಂದರು. ಫೋನು ಕಿವಿಯಿಂದ ತೆಗೆದು ಸೊಸೆಯನ್ನು ಕೂಗಿದೆ. ಅದು ನನ್ನ ರಕ್ತವಲ್ಲ ಎಂಬುದೇ ಮರೆತುಹೋಗಿತ್ತು. ಸೊಸೆ ಕಾವೇರಿ ಓಡಿ ಬಂದು ಫೋನು ಇಸಿದುಕೊಂಡು ಎಲ್ಲ ಕೇಳಿಕೊಂಡಳು. ಆಮೇಲೆ ನನಗೆ ನೆನಪಾಯಿತು. ಸಂತೋಷವಾಯಿತು, ಮಗಳೆ. ಖರೇನೇ ಸಂತೋಷವಾಯಿತು. ಅಷ್ಟರಲ್ಲಿ ಹಿತ್ತಲಲ್ಲಿ ಬೋಗುಣಿ ತಿಕ್ಕುವ ಸಪ್ಪಳ ಕೇಳಿಸಿತು.

ಅಂದಿನಿಂದ ಕಾವೇರಿ ನನ್ನ ತಾಟು, ಲೋಟ ಬೇರೆ ಇಟ್ಟಿದ್ದಾಳೆ. ಅದರಿಂದ ಹತ್ತುವುದಿಲ್ಲ ಎಂದು ಡಾಕ್ಟರರು ಹೇಳಿದರೂ ಕೇಳಳು. ಶೇವಂತೆವ್ವ ನನ್ನ ಎದುರಿಗೇ ಆ ಲೋಟದಲ್ಲಿ ಚಹಾ ಕುಡಿದು, "ನೋಡ್ರಿ, ನನಗೇನಾತು?" ಎಂದಳು. ನನಗೆ ಧೈರ್ಯ ಕೊಡಲಿಕ್ಕೆ ಹಾಗೆ ಮಾಡಿದಳು. ತಾನು ಹೋಗಿ ಬಂದದ್ದು ನನ್ನ ಕೆಲಸಕ್ಕೆ, ಬಂದ ಸುದ್ದಿಯೂ ನನ್ನದೇ ಎಂದು ಆಕೆ ತಿಳಿದಿದ್ದಾಳೆ. ಆಮೇಲೆ ಡಾಕ್ಟರರು ನನ್ನ ರಕ್ತವನ್ನೂ ತೆಗೆದು ನೋಡಿರಬೇಕು ಎಂದುಕೊಂಡಿದ್ದಾಳೆ. ನಾನು ಎದ್ದು ಒಳಗೆ ಹೋದೆ.

ಬರುವ ಸೋಮವಾರ ಇನ್ನೊಮ್ಮೆ ರಕ್ತ ತೆಗೆದು, ರೋಗ ಎಷ್ಟಿದೆ ನೋಡುತ್ತಾರಂತೆ. ನಾನು ಸುಮ್ಮನಿದ್ದರೆ ಆಕೆಗೆ ಹೊಟ್ಟೆ ಬಾತಾಗಲೇ ತಿಳಿದೀತು. ಔಷಧದ ಸೂಜಿ ಬಹಳ ತುಟ್ಟಿ. ಅವ್ವನಿಗಾಗಿ ಏನಾದರೂ ಮಾಡಿಸುತ್ತೇನೆ ಎಂದಿದ್ದಾನೆ ಶಿವಯೋಗೀಶ. ಆಕೆಗೆ ಮಾಡಿಸು ಎಂದು ನಾನು ಹೇಳಿದರೆ ಮಾಡಿಸಲೇಬೇಕು. ಈ ಮನೆಯಲ್ಲಿ ಇನ್ನೂ ನನ್ನ ಮಾತು ನಡೆಯುತ್ತದೆ. ಇವತ್ತು ಸಂಜೆ ಆಕೆಗೆ ಹೇಳುತ್ತೇನೆ.

ನೀನು ಅಳಬೇಡ. ನಿನ್ನ ಅವ್ವನಿಗೆ ಏನೂ ಆಗಿಲ್ಲ.

ಇಂತಿ ನಿನ್ನ ಅವ್ವ,
ಬಾಳವ್ವ

ತಾ.ಕ.: ಹೇಳಿದೆ. ಆಕೆ ಅಳಲಿಲ್ಲ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು. ಬೈಯಲಿ ಎಂದು ನಾನು ಕಾದೆ. "ಹಂಗಾರ ನಿಮ್ದು ಏನ್ ಬಂತ್ರಿ ಅವ್ವಾರ?" ಎಂದಳು. ಸೋಮವಾರಕ್ಕೆ ಇಬ್ಬರ ಹೆಸರನ್ನೂ ಬೇರೆ ಬೇರೆ ಬರೆಸಿದ್ದೇನೆ. ಮೇಲೆ ಏನೂ ಆಗಿಲ್ಲ ಎಂದು ಬರೆದದ್ದು ನನಗೇ ಗೊತ್ತಿಲ್ಲದ ಮಾತು. ದಾಕ್ಷಿ, ರವಿವಾರದ ಗಾಡಿಗೆ ಬಾ. ಈ ಸಲವೂ ಹತ್ತಿರ ಕೂತುಕೋ.